ರೆವೆಲ್‌ಸ್ಟೋಕಿನಲ್ಲಿ ಸ್ನೋಮೊಬೈಲ್: ಐದು ಜನಕ್ಕೆ ಮೂರು ಬೀಕನ್ ಸಾಕಾ?

ನೀರ್ಚಾಲು ನಿವಾಸಿ:

ಫೆಬ್ರವರಿ ಕೊನೆಗೆ ನಾವು ಮೂವರು ಬದಿಯಡ್ಕದಿಂದ ಕೆನಡಾದ ಕ್ಯಾಲ್ಗರಿಗೆ ಹೋಗುವುದುಂಟು. ಅಲ್ಲಿ ಭಾವ, ಮತ್ತೆ ಅವರ ಸ್ನೇಹಿತರೊಬ್ಬರು. ಒಟ್ಟು ಐದು ಜನ, ಐದು ಸ್ಲೆಡ್, ಅಂದರೆ ಮಂಜಿನ ಮೇಲೆ ಓಡುವ ಸ್ನೋಮೊಬೈಲ್. ಎರಡು ಅವರದ್ದೇ, ಮೂರು ಬಾಡಿಗೆಗೆ. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಸುತ್ತಿನ ಗುಡ್ಡಗಳಲ್ಲಿ ಎರಡು ದಿನದ ಸವಾರಿ ಅಂತ ಯೋಜನೆ.

ಅವರಲ್ಲಿ ಇರುವುದು ಮೂರು ಬೀಕನ್ (ಹಿಮಕುಸಿತದಲ್ಲಿ ಹುಗಿದವರನ್ನು ಹುಡುಕಲಿಕ್ಕೆ ಮೈಗೆ ಕಟ್ಟಿಕೊಳ್ಳುವ ರೇಡಿಯೋ ಸಾಧನ), ಎರಡು ಪ್ರೋಬ್ (ಮಂಜಿಗೆ ಚುಚ್ಚಿ ನೋಡುವ ಉದ್ದದ ಕೋಲು), ಎರಡು ಸಲಿಕೆ. ಭಾವ ಹೇಳುವುದು: "ಓರೆ ಹತ್ತುವವರು ನಾವಿಬ್ಬರೇ, ನೀವು ಕೆಳಗೆ ಸಮತಟ್ಟಿನಲ್ಲಿ ಓಡಿಸಿದರಾಯಿತು, ನಿಮಗೆ ಬೀಕನ್ ಬೇಡ. ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ."

ಕೇಳಬೇಕಾದದ್ದು ಇಷ್ಟು. ಇದು ಸರಿಯಾ? ಏರ್‌ಬ್ಯಾಗ್ (ಹಿಡಿ ಎಳೆದಾಗ ಉಬ್ಬುವ ಬೆನ್ನಚೀಲ) ಬಾಡಿಗೆಗೆ ತೆಗೆದುಕೊಳ್ಳಬೇಕಾ? ಮತ್ತೆ ಮಂಜೇ ಕಾಣದ ನಮ್ಮೂರಲ್ಲಿ ಕೂತು ಹೋಗುವ ಮೊದಲು ಕಲಿಯಬಹುದಾದದ್ದು ಏನಾದರೂ ಉಂಟಾ?

ಕ್ಯಾಲ್ಗರಿ ಕುಂಬಳೆ:

ಸಾಲುವುದಿಲ್ಲ. ಐದು ಜನಕ್ಕೆ ಐದು ಬೀಕನ್, ಐದು ಪ್ರೋಬ್, ಐದು ಸಲಿಕೆ. ಬೀಕನ್ ಇಲ್ಲದವನು ಹುಗಿದುಹೋದರೆ ಅವನನ್ನು ಹುಡುಕಲಿಕ್ಕಾಗುವುದಿಲ್ಲ, ಬೇರೆಯವರು ಹುಗಿದುಹೋದರೆ ಅವನು ಹುಡುಕಲಿಕ್ಕೂ ಆಗುವುದಿಲ್ಲ. ಓರೆ ಹತ್ತುವವರು ಭಾವ ಮತ್ತು ಸ್ನೇಹಿತ ಎಂದಾದರೆ ಅವರನ್ನು ಮಂಜಿನಡಿಯಿಂದ ತೆಗೆಯಬೇಕಾದವರು ಯಾರು? ಕೆಳಗಿದ್ದ ನೀವು ಮೂವರು. "ನಾನು ನೋಡಿಕೊಳ್ತೇನೆ" ಎಂದವರೇ ಒಳಗಿರುವಾಗ ನೋಡಿಕೊಳ್ಳುವ ಕೆಲಸ ನಿಮ್ಮದಾಗುತ್ತದೆ. ಅವರು ನಿಮ್ಮ ಮೂವರ ಕೈ ಖಾಲಿ ಇಟ್ಟುಕೊಂಡು ಗುಡ್ಡ ಹತ್ತಲಿಕ್ಕೆ ಹೊರಟಿದ್ದಾರೆ, ಇದನ್ನು ಅವರಿಗೆ ಹೀಗೆಯೇ ಹೇಳಿ.

ಇನ್ನು ಸಮತಟ್ಟಿನ ವಿಷಯ. ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಸ್ಲ್ಯಾಬ್ ಕುಸಿತ. ಮೇಲೆ ಗಟ್ಟಿ ಪದರ, ಅದರ ಅಡಿಯಲ್ಲಿ ಒಂದಕ್ಕೊಂದು ಅಂಟದ ಹರಳುಗಳ ತೆಳು ಪದರ. ಓರೆಯಾದ ಅಂಗಳದಲ್ಲಿ ಒಣ ಗೋಟಡಿಕೆ ಹರಡಿ ಅದರ ಮೇಲೆ ದೊಡ್ಡ ಹಲಗೆ ಇಟ್ಟ ಹಾಗೆ. ಹಲಗೆಯ ಕೆಳತುದಿಯಲ್ಲಿ ಮೆಟ್ಟಿದರೂ ಇಡೀ ಹಲಗೆ ಹೊರಡುತ್ತದೆ. ಸವಾರ, ಪೆಟ್ರೋಲ್ ಎಲ್ಲ ಸೇರಿದರೆ ಸ್ಲೆಡ್ ಕಾಲು ಟನ್ನಿಗಿಂತ ಹೆಚ್ಚು ಭಾರ. ಗುಡ್ಡಕ್ಕೆಂದೇ ಮಾಡಿದ ಸ್ಲೆಡ್ಡಿನ ಅಡಿಯಲ್ಲಿ ತಿರುಗುವ ಪಟ್ಟಿಯ, ಅಂದರೆ ಟ್ರ್ಯಾಕಿನ, ಹಲ್ಲುಗಳು (ಪ್ಯಾಡಲ್) ಎರಡೂವರೆಯಿಂದ ಮೂರು ಇಂಚು ಎತ್ತರ, ಅದು ಮಂಜನ್ನು ಕೊರೆಯುತ್ತಾ ಹೋಗುತ್ತದೆ. ಸ್ಕೀಯವನ ಭಾರಕ್ಕೆ ಸಿಕ್ಕದ ಆಳದ ಪದರವೂ ಅದಕ್ಕೆ ಸಿಕ್ಕುತ್ತದೆ. ಪದರ ಒಂದು ಕಡೆ ಮುರಿದರೆ ಬಿರುಕು ಅಡಿಯಲ್ಲೇ ಓಡಿ, ನೀವು ಕೆಳಗಿನ ಬಯಲಲ್ಲಿರುವಾಗ ಮೇಲಿನ ಓರೆ ಕಳಚಿ ಬರಬಹುದು. ಎಂಜಿನ್ನಿನ ಸದ್ದಿಗೆ ಜಾರುತ್ತದೆ ಎನ್ನುವುದು ಸಿನಿಮಾದ ಮಾತು, ಜಾರಿಸುವುದು ಭಾರ.

ಬಯಲು ಎಷ್ಟು ಸುರಕ್ಷಿತ ಎನ್ನುವುದಕ್ಕೆ ನೀವು ಹೋಗುವ ರೆವೆಲ್‌ಸ್ಟೋಕಿನದ್ದೇ ಉದಾಹರಣೆ ಉಂಟು. 2010ರ ಮಾರ್ಚ್ 13ರಂದು ಬೋಲ್ಡರ್ ಮೌಂಟನ್ನಿನಲ್ಲಿ ಸ್ಲೆಡ್‌ಗಳು ಓರೆ ಹತ್ತುವುದನ್ನು ನೋಡಲಿಕ್ಕೆ ಸುಮಾರು 200 ಜನ ಕೆಳಗೆ ಸೇರಿದ್ದರು. ಅಪಾಯದ ಎಚ್ಚರಿಕೆ ಮೊದಲೇ ಕೊಟ್ಟಿದ್ದರು. ಮೇಲಿಂದ ಕಳಚಿದ್ದು ಗುಂಪಿನ ಮೇಲೆಯೇ ಬಂತು. ಇಬ್ಬರು ಸತ್ತರು, ಮೂವತ್ತರ ಆಸುಪಾಸು ಜನಕ್ಕೆ ಗಾಯ.

ಹಾಗಾಗಿ ನಿಲ್ಲುವ ಜಾಗವೂ ಆರಿಸಿಕೊಳ್ಳುವಂಥದ್ದೇ. ಓರೆಯ ಬುಡ ಬೇಡ, ತೋಡಿನಂಥ ತಗ್ಗು ಬೇಡ. ತಗ್ಗಿನಲ್ಲಿ ಸಣ್ಣ ಕುಸಿತವೂ ಆಳವಾಗಿ ತುಂಬಿಕೊಳ್ಳುತ್ತದೆ. ಹಳೆಯ ಕುಸಿತ ಎಲ್ಲಿಯ ತನಕ ಬಂದಿದೆ ಎಂದು ಮರಗಳೇ ಹೇಳುತ್ತವೆ: ಒಂದೇ ಬದಿಗೆ ಕೊಂಬೆ ಮುರಿದಿದ್ದರೆ, ಸುತ್ತ ದೊಡ್ಡ ಮರ ಇದ್ದು ಮಧ್ಯದಲ್ಲಿ ಎಳೆಯ ಗಿಡ ಮಾತ್ರ ಇದ್ದರೆ ಅದು ಅದರ ದಾರಿ. ಸ್ಲೆಡ್‌ಗಳನ್ನು ಒಂದರ ಹಿಂದೆ ಒಂದು ಇಡಬೇಡಿ. ಪಕ್ಕಪಕ್ಕ, ಮೂತಿ ಹೊರಹೋಗುವ ದಾರಿಗೆ. ಹೆಲ್ಮೆಟ್, ಕೈಗವಸು ತೆಗೆದು ಸೀಟಿನ ಮೇಲಿಟ್ಟು ಚಹಾ ಕುಡಿಯುವುದು ಅಲ್ಲಿ ಆಗ್ಲಿಕ್ಕಿಲ್ಲ. ಕಣ್ಣು ಓರೆಯ ಮೇಲಿರಬೇಕು.

ಓರೆಗೆ ಒಮ್ಮೆಗೆ ಒಬ್ಬನೇ. ಅತಿ ಹೆಚ್ಚು ಮುರಿಯುವ ನಿಯಮವೂ ಇದೇ, ಮುರಿಯುವ ಸಂದರ್ಭ ಯಾವಾಗಲೂ ಒಂದೇ: ಒಬ್ಬನ ಸ್ಲೆಡ್ ಅರ್ಧದಲ್ಲಿ ಹೂತು ನಿಲ್ಲುತ್ತದೆ, ಎಳೆದು ತಿರುಗಿಸಲಿಕ್ಕೆ ಎರಡನೆಯವ ಹತ್ತುತ್ತಾನೆ. ಭಾರ ಇಮ್ಮಡಿ, ಸತ್ತರೆ ಇಬ್ಬರು. ಸಿಕ್ಕಿಬಿದ್ದವನೇ ಟ್ರ್ಯಾಕಿನ ಸುತ್ತ ಮಂಜು ಕೆರೆದು ತಾನೇ ಬಿಡಿಸಿಕೊಳ್ಳಲಿ, ಇಪ್ಪತ್ತು ನಿಮಿಷ ಹೋದರೂ ಹೋಗಲಿ. 2008ರ ಡಿಸೆಂಬರ್ 28ರಂದು ಅದೇ ಬ್ರಿಟಿಷ್ ಕೊಲಂಬಿಯಾದ ಫರ್ನಿ ಹತ್ತಿರದ ಹಾರ್ವಿ ಪಾಸಿನಲ್ಲಿ 11 ಸವಾರರಲ್ಲಿ 8 ಮಂದಿ ಹೋದರು. ಮೊದಲು ಹುಗಿದವರನ್ನು ತೆಗೆಯಲಿಕ್ಕೆ ಬಂದವರ ಮೇಲೆ ಪುನಃ ಕುಸಿಯಿತು. ಅಂದರೆ ನೆರವಿಗೆ ಓಡುವ ಮೊದಲು ಕೂಡ ತಲೆ ಎತ್ತಿ, ಮೇಲೆ ಇನ್ನೂ ಕಳಚದೆ ಉಳಿದದ್ದು ಉಂಟಾ ಎಂದು ನೋಡಬೇಕು.

ಸಾಮಾನು ಮೈಮೇಲೆ, ಸ್ಲೆಡ್ಡಿನ ಮೇಲೆ ಅಲ್ಲ. ಬೀಕನ್ ಅದರದ್ದೇ ಪಟ್ಟಿಯಲ್ಲಿ ಎದೆಗೆ, ಜಾಕೆಟ್ಟಿನ ಒಳಗೆ. ಸಲಿಕೆ, ಪ್ರೋಬ್ ಬೆನ್ನಚೀಲದಲ್ಲಿ. ಸ್ಲೆಡ್ಡಿನ ಹಿಂದಿನ ಡಬ್ಬಿಯಲ್ಲಿ ಸಲಿಕೆ ಇಟ್ಟು ಸ್ಲೆಡ್ ಹುಗಿದುಹೋದರೆ ಸಲಿಕೆ ತೆಗೆಯಲಿಕ್ಕೆ ಇನ್ನೊಂದು ಸಲಿಕೆ ಬೇಕಾಗುತ್ತದೆ! ಕಿಲ್ ಸ್ವಿಚ್ಚಿನ ಹುರಿಯನ್ನು ಮೈಗೆ ಸಿಕ್ಕಿಸಿಯೇ ಓಡಿಸಿ. ಬಿದ್ದಾಗ ಎಂಜಿನ್ ನಿಲ್ಲಬೇಕು.

ಶಿರಿಯಾ ಹೊಳೆ:

ಮೇಲಿನವರು ಹೇಳಿದ್ದಕ್ಕೆ ಹುಡುಕುವ ಕ್ರಮ ಸೇರಿಸುತ್ತೇನೆ. ಬೀಕನ್ ಕೈಯಲ್ಲಿದ್ದೂ ಬಳಸಲಿಕ್ಕೆ ಬಾರದವರೇ ಹೆಚ್ಚು.

ಸಮಯದ ಲೆಕ್ಕ ಮೊದಲು. ಪೂರ್ತಿ ಹುಗಿದವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆ ಆಗುವಾಗ ಮೂವರಲ್ಲಿ ಒಬ್ಬ. ಮರಕ್ಕೋ ಬಂಡೆಗೋ ಬಡಿದವರ ಲೆಕ್ಕ ಇನ್ನೂ ಕೆಟ್ಟದ್ದು. ಹೆಲಿಕಾಪ್ಟರ್ ಎಷ್ಟು ಬೇಗ ಬಂದರೂ ಆ 10 ನಿಮಿಷದೊಳಗೆ ಬರುವುದಿಲ್ಲ. ಇರುವ ನಾಲ್ಕು ಜನವೇ ರಕ್ಷಣಾ ತಂಡ.

ಎಲ್ಲ ಬೀಕನ್ನುಗಳೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದು, ಯಾವ ಕಂಪೆನಿಯದ್ದಾದರೂ ಒಂದನ್ನೊಂದು ಹುಡುಕುತ್ತದೆ. ಸವಾರಿ ಹೊತ್ತಿನಲ್ಲಿ ಎಲ್ಲರದ್ದೂ "ಕಳುಹಿಸು" ಸ್ಥಿತಿಯಲ್ಲಿ. ಕುಸಿತ ನಿಂತ ಕೂಡಲೇ ಉಳಿದವರೆಲ್ಲ "ಹುಡುಕು" ಸ್ಥಿತಿಗೆ ಬದಲಿಸಬೇಕು. ಒಬ್ಬ ಮರೆತರೂ ಉಳಿದವರ ಬಾಣ ಅವನ ಕಡೆಗೇ ತೋರಿಸುತ್ತಾ ಇರುತ್ತದೆ. ಸ್ಲೆಡ್ ಎಂಜಿನ್ ಎಲ್ಲ ಬಂದ್. ಇಗ್ನಿಷನ್ ಬೀಕನ್ನಿಗೆ ತೊಂದರೆ ಕೊಡುತ್ತದೆ. ಫೋನ್, ಕ್ಯಾಮೆರಾ, ಬ್ಯಾಟರಿ ಬಿಸಿಯ ಕೈಗವಸು ಇವೆಲ್ಲ ಹುಡುಕುವಾಗ ಬೀಕನ್ನಿಂದ 50 ಸೆಂಟಿಮೀಟರ್ ದೂರ, ಉಳಿದ ಹೊತ್ತಿನಲ್ಲಿ 20 ಸೆಂಟಿಮೀಟರ್. ಎದೆಕಿಸೆಯಲ್ಲಿ ಫೋನ್, ಅದರ ಒಳಗೆ ಬೀಕನ್, ಇದನ್ನೇ ಹೆಚ್ಚು ಕಾಣುವುದು.

ಕೊನೆಗೆ ಕಂಡ ಜಾಗದಿಂದ ಕೆಳಕ್ಕೆ ಹುಡುಕುತ್ತಾ ಬನ್ನಿ. ಒಬ್ಬನೇ ಇದ್ದರೆ 40 ಮೀಟರ್ ಅಂತರದಲ್ಲಿ ಅಡ್ಡಡ್ಡ ಓಡುವುದು, ಅಂಚಿನಿಂದ 20 ಮೀಟರ್ ಒಳಗೆ ತಿರುಗುವುದು. ಕಣ್ಣಿಗೆ ಕೈಗವಸು, ಹೆಲ್ಮೆಟ್ ಏನಾದರೂ ಕಾಣುತ್ತದಾ ನೋಡುತ್ತಾ ಹೋಗಿ. ಸಿಗ್ನಲ್ ಸಿಕ್ಕಿದ ಮೇಲೆ ಬಾಣ ಹಿಡಿದು ನಡೆಯಿರಿ, ದಾರಿ ನೆಟ್ಟಗಿರುವುದಿಲ್ಲ, ಬಳಸಿ ಹೋಗುತ್ತದೆ. ಸಂಖ್ಯೆ ಏರಿದರೆ ಹಿಂದಕ್ಕೆ. 3 ಮೀಟರಿಗೆ ಬಂದಾಗ ಓಟ ನಿಲ್ಲಿಸಿ, ಬೀಕನನ್ನು ಮಂಜಿಗೆ ತಾಗುವಷ್ಟು ಕೆಳಗೆ ಹಿಡಿದು ನಿಧಾನ. ಇಲ್ಲಿಂದ ಬಾಣ ನೋಡಬೇಡಿ, ಸಂಖ್ಯೆ ಮಾತ್ರ. ಮುಂದೆ ಹಿಂದೆ, ಮತ್ತೆ ಎಡ ಬಲ, ಬೀಕನ್ನಿನ ಮೂತಿ ತಿರುಗಿಸದೆ. ಅತಿ ಕಡಿಮೆ ಸಂಖ್ಯೆ ಬಂದಲ್ಲಿ ಪ್ರೋಬ್.

ಪ್ರೋಬನ್ನು ಓರೆಗೆ ಲಂಬವಾಗಿ ಚುಚ್ಚಬೇಕು. ಸಿಕ್ಕದಿದ್ದರೆ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಹೊರಕ್ಕೆ. ತಾಗಿದ್ದು ಮಣ್ಣಾ, ಮರವಾ, ಮನುಷ್ಯನಾ ಎಂದು ಕೈಗೆ ಗೊತ್ತಾಗುತ್ತದೆ, ಮೈಗೆ ತಾಗಿದರೆ ಸ್ವಲ್ಪ ಮೆತ್ತಗೆ ಹಿಂದೆ ತಳ್ಳಿದ ಹಾಗೆ. ಆಮೇಲೆ ಅದನ್ನು ಎಳೆಯಬಾರದು. ಅಲ್ಲೇ ಇರಲಿ, ಅದರ ಗುರುತಿನಿಂದ ಆಳ ಓದಿ. ಸ್ಲೆಡ್ಡಿನವರಿಗೆ 3 ಮೀಟರಿನ ಪ್ರೋಬ್ ಒಳ್ಳೆಯದು, 240 ಸೆಂಟಿಮೀಟರಿನದ್ದು ಗಿಡ್ಡ.

ಅಗೆಯುವುದರಲ್ಲೇ ಹೆಚ್ಚು ಹೊತ್ತು ಹೋಗುವುದು. 1 ಮೀಟರ್ ಆಳದಲ್ಲಿದ್ದವನನ್ನು ತೆಗೆಯಲಿಕ್ಕೆ ಒಂದು ಟನ್ನಿಗಿಂತ ಹೆಚ್ಚು ಮಂಜು ಸರಿಸಬೇಕು, ಅದೂ ನಿಂತ ಕೂಡಲೇ ಗಟ್ಟಿಯಾದ ಮಂಜು. ಪ್ರೋಬಿನ ಬುಡದಲ್ಲೇ ನೆಟ್ಟಗೆ ಗುಂಡಿ ತೋಡಬೇಡಿ. ಆಳದ ಒಂದೂವರೆ ಪಟ್ಟು ದೂರ ಓರೆಯ ಕೆಳಬದಿಗೆ ಹೋಗಿ, ಅಲ್ಲಿಂದ ಅವನ ಕಡೆಗೆ ಅಡ್ಡಕ್ಕೆ ಕೊರೆಯಿರಿ. ಒಬ್ಬ ಮುಂದೆ ಕಡಿಯುವುದು, ಹಿಂದಿನವರು ಮಂಜನ್ನು ಹಿಂದಕ್ಕೆ ದೂಡುವುದು, ಸುಸ್ತಾಗುವ ಮೊದಲೇ ಮುಂದಿನವನನ್ನು ಬದಲಿಸುವುದು. ತೋಟದಲ್ಲಿ ಅಡಿಕೆ ಬುಡ ಬಿಡಿಸಿ ಅಭ್ಯಾಸ ಇದ್ದವರಿಗೆ ತೋಳಿನಲ್ಲಿ ಬಲ ಇರುತ್ತದೆ, ಆದರೆ ಎತ್ತಿ ಹೊರಗೆ ಎಸೆಯುವ ಅಭ್ಯಾಸ ಇಲ್ಲಿಗೆ ಆಗುವುದಿಲ್ಲ, ಹುಟ್ಟು ಹಾಕುವ ಹಾಗೆ ಕೆಳಕ್ಕೆ ತಳ್ಳಬೇಕು. ಸಲಿಕೆ ಅಲ್ಯೂಮಿನಿಯಂನದ್ದೇ ಬೇಕು, ಪ್ಲಾಸ್ಟಿಕ್ ಗಟ್ಟಿ ಮಂಜಿಗೆ ಮುರಿಯುತ್ತದೆ. ಮೊದಲು ಮುಖ, ಬಾಯಿಯೊಳಗಿನ ಮಂಜು ತೆಗೆಯುವುದು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಉಸಿರು ಕೊಡುವುದರಿಂದಲೇ ಶುರು, ಯಾಕೆಂದರೆ ಹೃದಯ ನಿಂತಿದ್ದರೂ ಅದು ಉಸಿರು ಕಟ್ಟಿ.

ಗಡಿನಾಡು 671:

ಒಂದು ಸಂಶಯ. ಸಿಯಾಚಿನ್‌ನಲ್ಲಿ ಧಾರವಾಡ ಕಡೆಯ ಹನುಮಂತಪ್ಪ ಕೊಪ್ಪದ ಆರು ದಿನ ಮಂಜಿನಡಿಯಲ್ಲಿದ್ದೂ ಜೀವಂತ ಸಿಕ್ಕಿದ್ದರಲ್ಲ. ಹಾಗಿರುವಾಗ 10 ನಿಮಿಷ, ಅರ್ಧ ಗಂಟೆ ಎನ್ನುವುದು ಸ್ವಲ್ಪ ಹೆದರಿಸುವ ಮಾತಾಗಲಿಲ್ಲವಾ?

ಶಿರಿಯಾ ಹೊಳೆ:

ಅದು 2016ರ ಫೆಬ್ರವರಿ 3ರ ಸೋನಂ ಪೋಸ್ಟಿನ ಕುಸಿತ. ಹತ್ತು ಸೈನಿಕರು ಸಿಕ್ಕಿಕೊಂಡಿದ್ದರು, ಒಂಬತ್ತು ಮಂದಿ ಅಲ್ಲೇ ತೀರಿಹೋದರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕುಸಿದ ಡೇರೆಯ ಒಳಗಿದ್ದದ್ದರಿಂದ ಅವರ ಸುತ್ತ ಗಾಳಿ ಉಳಿದಿತ್ತು. ಆದರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಓರೆಯಲ್ಲಿ ಸ್ಲೆಡ್ಡಿನಿಂದ ಎಸೆಯಲ್ಪಟ್ಟವನ ಸುತ್ತ ಡೇರೆ ಇರುವುದಿಲ್ಲ. ಮಂಜು ಮೈಗೆ ಒತ್ತಿ ಕೂರುತ್ತದೆ, ಬಿಟ್ಟ ಉಸಿರಿನ ತೇವಕ್ಕೆ ಬಾಯಿಯ ಮುಂದೆ ಮಂಜುಗಡ್ಡೆ ಕಟ್ಟುತ್ತದೆ, ತಾನು ಬಿಟ್ಟ ಗಾಳಿಯನ್ನೇ ಪುನಃ ಎಳೆಯಬೇಕಾಗುತ್ತದೆ. ನಿಮಿಷದ ಲೆಕ್ಕ ಬಂದದ್ದು ಹಾಗೆ.

ಪೊಸಡಿಗುಂಪೆ:

ಎಲ್ಲರೂ ಹುಗಿದ ಮೇಲಿನ ಮಾತೇ ಆಡುತ್ತಿದ್ದೀರಿ. ಹುಗಿಯದ ಹಾಗೆ ನೋಡಿಕೊಳ್ಳುವುದನ್ನು ನೀರ್ಚಾಲಿನವರು ಊರಲ್ಲೇ ಕೂತು ಅರ್ಧ ಕಲಿಯಬಹುದು.

ಮೊದಲನೆಯದು ಓರೆಯ ಅಂದಾಜು. ಸ್ಲ್ಯಾಬ್ ಕಳಚುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಓರೆಯಲ್ಲಿ, ಅದರಲ್ಲೂ 38ರ ಆಸುಪಾಸಿನಲ್ಲಿ. ಸ್ಲೆಡ್ಡಿನವರಿಗೆ ಹತ್ತಲಿಕ್ಕೆ ಖುಷಿ ಕೊಡುವ ಓರೆಯೂ ಅದೇ. ಫೋನಿನಲ್ಲಿ ಓರೆ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಉದ್ದದ ಕೋಲನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಫೋನಿನ ಅಂಚು ಇಟ್ಟು ಓದಬೇಕು, ಬರಿಯ ನೆಲದ ಮೇಲೆ ಇಟ್ಟರೆ ಒಂದು ಕಲ್ಲಿನ ಓರೆ ತೋರಿಸುತ್ತದೆ. ಹಂಚಿನ ಮಾಡಿನ ಓರೆ ಅಳೆಯಿರಿ, ಗುಡ್ಡೆಯ ಮುಳಿಹುಲ್ಲಿನ ಓರೆ ಅಳೆಯಿರಿ. ಪ್ರತಿ ಸಲ ಮೊದಲು ಕಣ್ಣಂದಾಜು ಬಾಯಲ್ಲಿ ಹೇಳಿ ಆಮೇಲೆ ಅಳೆಯುವುದು. 25 ಮತ್ತು 35ರ ವ್ಯತ್ಯಾಸ ಕಣ್ಣಿಗೆ ಕೂತರೆ ಅಲ್ಲಿ ಬೆಳ್ಳಗಿನ ಬಯಲಲ್ಲೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ನೆರಳಿಲ್ಲದ ಬೆಳಕಿನಲ್ಲಿ ಓರೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಎರಡನೆಯದು ಹಿಮಕುಸಿತದ ಅಪಾಯ ಹೇಳುವ ಬುಲೆಟಿನ್ ಓದುವುದು. ಅವಲಾಂಚ್ ಕೆನಡಾ ಸಂಸ್ಥೆಯ ಕಚೇರಿ ಇರುವುದು ರೆವೆಲ್‌ಸ್ಟೋಕಿನಲ್ಲೇ. ಚಳಿಗಾಲದಲ್ಲಿ ಮರುದಿನದ ಬುಲೆಟಿನ್ ಹಿಂದಿನ ಸಂಜೆಯೇ ಬರುತ್ತದೆ. ಈಗಿನಿಂದಲೇ ದಿನಾ ಓದಿ. ಹೋಗುವ ದಿನದ್ದು ಮಾತ್ರ ಓದಿದರೆ ಆ ಮಂಜಿನ ಚರಿತ್ರೆ ಗೊತ್ತಾಗುವುದಿಲ್ಲ. ಮರ ಬೆಳೆಯುವುದು ನಿಲ್ಲುವ ಗೆರೆಯ ಮೇಲೆ, ಗೆರೆಯಲ್ಲಿ, ಕೆಳಗೆ ಎಂದು ಮೂರು ಎತ್ತರಕ್ಕೆ ಬೇರೆ ಬೇರೆ ಅಂಕ, 1ರಿಂದ 5. ಜನ ಮೋಸ ಹೋಗುವುದು 3ರಲ್ಲಿ. ಐದರಲ್ಲಿ ಮೂರು ಎಂದರೆ ಮಧ್ಯಮ ಎಂದು ತಿಳಿದುಕೊಳ್ಳುತ್ತಾರೆ. 3, ಅಂದರೆ ಕನ್ಸಿಡರಬಲ್, ಇದರ ಅರ್ಥ ಮನುಷ್ಯ ಹೋಗಿ ಜಾರಿಸುವ ಸಾಧ್ಯತೆ ಹೆಚ್ಚು ಎಂದೇ. ಅಂಕದ ಕೆಳಗೆ ಸಮಸ್ಯೆ ಯಾವುದೆಂದು ಬರೆದಿರುತ್ತಾರೆ, ಅದನ್ನು ಓದಿ. ಗಾಳಿ ತಂದು ಪೇರಿಸಿದ ಸ್ಲ್ಯಾಬ್ ಆದರೆ ಗಾಳಿಯ ಮರೆಯ ಬದಿ ಬಿಟ್ಟು ಬೇರೆ ಕಡೆ ಓಡಿಸಬಹುದು. ಸರ್ಫೇಸ್ ಹೋರ್ ಎನ್ನುವ ಗರಿಯಂಥ ಹರಳಿನ ಪದರ ಹೂತುಹೋಗಿದೆ ಎಂದು ಬರೆದಿದ್ದರೆ ಅದು ವಾರಗಟ್ಟಲೆ ಹಾಗೇ ಕಾದಿರುತ್ತದೆ, ಅಂಥಾ ದಿನ 30 ಡಿಗ್ರಿಗಿಂತ ಕಡಿಮೆ ಓರೆಯೇ ಗತಿ.

ಅಲ್ಲಿ ಹೋದ ಮೇಲೆ ಮಂಜೇ ಹೇಳುವ ಸೂಚನೆ ಕೆಲವು ಉಂಟು. ಪಕ್ಕದ ಓರೆಯಲ್ಲಿ ಹೊಸ ಕುಸಿತ. ಸ್ಲೆಡ್ಡಿನಿಂದ ಹೊರಟು ಮಂಜಿನಲ್ಲಿ ಓಡುವ ಬಿರುಕು. ಅಡಿಯಲ್ಲಿ "ವೂಂಫ್" ಎಂದು ಕುಸಿದ ಸದ್ದು. ಒಂದೇ ದಿನದಲ್ಲಿ 30 ಸೆಂಟಿಮೀಟರ್ ಹೊಸ ಮಂಜು, ಜೋರು ಗಾಳಿ, ಇದ್ದಕ್ಕಿದ್ದ ಹಾಗೆ ಏರಿದ ಬಿಸಿಲು. ಮೊದಲ ಮೂರರಲ್ಲಿ ಒಂದು ಕಂಡರೂ ಆ ಬದಿಯ ಓರೆಗಳು ಆ ದಿನಕ್ಕೆ ಮುಗಿದವು, ಚರ್ಚೆ ಬೇಡ.

"ಆಗಲೇ ನಾಲ್ಕು ಜನ ಹತ್ತಿ ಬಂದಿದ್ದಾರೆ, ಗೀಟು ಕಾಣುವುದಿಲ್ಲವಾ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಗೀಟಿನಿಂದ ಏನೂ ಗೊತ್ತಾಗುವುದಿಲ್ಲ. ಮಂಜಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ, ಬಂಡೆಯ ಹತ್ತಿರ ತೆಳುವಾಗಿ ಕೆಟ್ಟ ಪದರ ಮೇಲಕ್ಕೆ ಬಂದಿರುತ್ತದೆ. ನಾಲ್ವರು ಅದನ್ನು ತಪ್ಪಿಸಿ ಹೋದದ್ದು, ಐದನೆಯವ ಅದರ ಮೇಲೇ ಹೋಗುವುದು.

ಏರ್‌ಬ್ಯಾಗಿನ ಬಗ್ಗೆ: ಆ ದುಡ್ಡಿಗೆ ಏಎಸ್‌ಟಿ 1 ಕೋರ್ಸ್ ಮಾಡಿ. ಹಿಮಕುಸಿತದ ಸುರಕ್ಷತೆ ಕಲಿಸುವಂಥದ್ದು, ಎರಡು ದಿನದ್ದು, ಸ್ಲೆಡ್ಡಿನವರಿಗೆಂದೇ ಬೇರೆ ಉಂಟು. ಕೋರ್ಸು ತಲೆಯಲ್ಲಿ ಉಳಿಯುತ್ತದೆ, ಬಾಡಿಗೆ ಚೀಲ ವಾಪಸು ಹೋಗುತ್ತದೆ. ಅದಕ್ಕೂ ಮೊದಲು ಅವಲಾಂಚ್ ಕೆನಡಾದ ಏವಿ ಸ್ಯಾವಿ ಪಾಠ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಬದಿಯಡ್ಕದಲ್ಲೇ ಮುಗಿಸಿಕೊಂಡು ಹೋಗಿ.

ಕ್ಯಾಲ್ಗರಿ ಕುಂಬಳೆ:

ಕೋರ್ಸಿನ ವಿಷಯ ಒಪ್ಪಿದೆ, ಏರ್‌ಬ್ಯಾಗಿನದ್ದು ಒಪ್ಪುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದು ಎನ್ನುವ ಪ್ರಶ್ನೆ ಯಾಕೆ? ಹರಿಯುವ ಮಂಜಿನಲ್ಲಿ ದೊಡ್ಡ ಗಾತ್ರದ್ದು ಮೇಲಕ್ಕೆ ಬರುತ್ತದೆ, 150 ಲೀಟರಿನ ಚೀಲ ಮನುಷ್ಯನನ್ನು ದೊಡ್ಡ ಗಾತ್ರದವನನ್ನಾಗಿ ಮಾಡುತ್ತದೆ, ಕೆಲಸ ಅಷ್ಟೇ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಕುಸಿತದಲ್ಲಿ ಸಿಕ್ಕಿಬಿದ್ದವರಲ್ಲಿ ಸಾವು 22 ಶೇಕಡದಿಂದ 11ಕ್ಕೆ ಇಳಿದದ್ದು ಕಂಡಿತು. ಅದೇ ಅಧ್ಯಯನದಲ್ಲಿ ಐದರಲ್ಲಿ ಒಂದು ಸಲ ಚೀಲ ಉಬ್ಬಲೇ ಇಲ್ಲ, ಹೆಚ್ಚಾಗಿ ಹಿಡಿ ಎಳೆಯದೆ ಇದ್ದದ್ದರಿಂದ. ಹಾಗಾಗಿ ಬಾಡಿಗೆಗೆ ತಂದರೆ ಅಂಗಡಿಯಲ್ಲೇ ಹಿಡಿ ಹೊರತೆಗೆದು, ಕೈಗವಸು ಹಾಕಿದ ಕೈಯಲ್ಲಿ ಕಣ್ಣು ಮುಚ್ಚಿ ಹುಡುಕಿ ಹಿಡಿಯುವ ಅಭ್ಯಾಸ ಮಾಡಿ. ತೊಡೆಯ ಮಧ್ಯದ ಪಟ್ಟಿ ಕಟ್ಟದಿದ್ದರೆ ಚೀಲ ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಸಿಲಿಂಡರ್ ತುಂಬಿದೆಯಾ ಎಂದು ಮುಳ್ಳು ನೋಡಿ. ಮರ, ಬಂಡೆಗೆ ಬಡಿಯುವುದನ್ನು ಮಾತ್ರ ಯಾವ ಚೀಲವೂ ತಪ್ಪಿಸುವುದಿಲ್ಲ.

ಪೊಸಡಿಗುಂಪೆ:

ಚೀಲ ಇದೆ ಎಂದು ಇನ್ನೂ ಹತ್ತು ಡಿಗ್ರಿ ಹೆಚ್ಚಿನ ಓರೆ ಹತ್ತುವವರನ್ನು ಏನು ಮಾಡುವುದು? ಮೂವರು ಹೊಸಬರಿಗೆ ನನ್ನ ಸಲಹೆ ಅದೇ, ಬದಲಿಸುವುದಿಲ್ಲ.

ನೀರ್ಚಾಲು ನಿವಾಸಿ:

ಎಲ್ಲರಿಗೂ ಧನ್ಯವಾದ. ಭಾವನಿಗೆ ಈ ಚರ್ಚೆಯನ್ನೇ ಕಳಿಸಿದೆ. ಐದು ಸೆಟ್ ಮಾಡಲಿಕ್ಕೆ ಒಪ್ಪಿದ್ದಾರೆ, ಆದರೆ ಕೋರ್ಸಿಗೆ "ರಜೆ ಎಲ್ಲ ಅದಕ್ಕೇ ಹೋಗ್ತದೆ" ಎನ್ನುತ್ತಾರೆ. ಇನ್ನು ಎರಡು ಪ್ರಶ್ನೆ. ಅಲ್ಲಿ ನನಗೆ ಬೇಡ ಎನಿಸಿದರೆ, ಹಿರಿಯರು ಹೊರಟಾಗ ನಾನು ನಿಲ್ಲುತ್ತೇನೆ ಎನ್ನುವುದು ಹೇಗೆ? ಮತ್ತೆ ಇಲ್ಲಿ ಮಾಡಿಸಿದ ಪ್ರವಾಸಿ ವಿಮೆ ಸಾಕಾಗುತ್ತದಾ?

ಶಿರಿಯಾ ಹೊಳೆ:

ಮೊದಲನೆಯದಕ್ಕೆ ಕ್ರಮ ಉಂಟು. ಹೊರಡುವ ಮುಂಚೆ ಗಾಡಿಯ ಹತ್ತಿರವೇ ನಿಯಮ ಮಾಡಿ: ಯಾರೇ ಒಬ್ಬ ಬೇಡ ಎಂದರೆ ಆ ಓರೆ ಬೇಡ, ಕಾರಣ ಕೇಳುವ ಹಾಗಿಲ್ಲ. ಓರೆಯ ಬುಡದಲ್ಲಿ ಹೆಲ್ಮೆಟ್ ಹಾಕಿಕೊಂಡು, ಎಂಜಿನ್ ಸದ್ದಿನಲ್ಲಿ ಕೂಗಿ ಭಾವನನ್ನು ಒಪ್ಪಿಸಲಿಕ್ಕೆ ಹೋದರೆ ಆಗುವುದಿಲ್ಲ. ಐವರಿಗೂ ವಾಕಿಟಾಕಿ ಇದ್ದರೆ ಒಳ್ಳೆಯದು. ಅದನ್ನೂ ಬೀಕನ್ನಿಂದ ದೂರ ಕಟ್ಟಿಕೊಳ್ಳಿ. ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ ಎಂದೇ ಲೆಕ್ಕ ಹಾಕಿ, ಗುಂಪಿಗೆ ಒಂದಾದರೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬೇಕು. ಅದು ಭಾವನ ಕಿಸೆಯಲ್ಲಿ ಮಾತ್ರ ಇದ್ದರೆ ಪ್ರಯೋಜನ ಇಲ್ಲ. ಓರೆ ಹತ್ತದವನ ಹತ್ತಿರ ಇರಲಿ, ಬಳಸುವುದು ಐವರಿಗೂ ಗೊತ್ತಿರಲಿ.

ಕೋರ್ಸು ಬೇಡ ಎಂದಾದರೆ 30 ಡಿಗ್ರಿಗಿಂತ ಕಡಿಮೆ ಓರೆ, ಅದೂ ಮೇಲೆ ದೊಡ್ಡ ಓರೆ ನೇತಾಡದ ಜಾಗ. ಸ್ಲೆಡ್ ಸಂಘದವರು ನೋಡಿಕೊಳ್ಳುವ ದಾರಿಗಳ ಬುಡದಲ್ಲಿ ಫಲಕ ಇರುತ್ತದೆ, ಜಾಗವನ್ನು ಸಿಂಪಲ್, ಚಾಲೆಂಜಿಂಗ್, ಕಾಂಪ್ಲೆಕ್ಸ್ ಎಂದು ವಿಂಗಡಿಸಿರುತ್ತಾರೆ. ನಿಮಗೆ ಸಿಂಪಲ್. ಕೆಲವು ಕಡೆ ಬೀಕನ್ ಪರೀಕ್ಷಿಸುವ ಪೆಟ್ಟಿಗೆಯೂ ಉಂಟು, ಹತ್ತಿರ ಹೋದಾಗ ದೀಪ ಹತ್ತಿದರೆ ನಿಮ್ಮದು ಸಿಗ್ನಲ್ ಕಳುಹಿಸುತ್ತಿದೆ ಎಂದರ್ಥ. ಹುಡುಕುವ ಸ್ಥಿತಿಯನ್ನು ಅದು ಪರೀಕ್ಷಿಸುವುದಿಲ್ಲ, ಅದನ್ನು ನೀವೇ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು.

ಕ್ಯಾಲ್ಗರಿ ಕುಂಬಳೆ:

ವಿಮೆ: ಪಾಲಿಸಿಯ "ಒಳಗೊಳ್ಳದ" ಭಾಗ ಓದಿ. ಮೋಟಾರು ವಾಹನದ ಸಾಹಸ ಕ್ರೀಡೆ, ಗುರುತು ಮಾಡಿದ ದಾರಿಯ ಹೊರಗಿನ ಚಟುವಟಿಕೆ ಇವುಗಳನ್ನು ಬಿಟ್ಟ ಪಾಲಿಸಿಗಳು ಬಹಳ. ಸ್ನೋಮೊಬೈಲ್ ಎನ್ನುವ ಹೆಸರು ಹಿಡಿದು ವಿಮೆಯವರಿಂದ ಇಮೇಲಿನಲ್ಲಿ ಉತ್ತರ ಪಡೆಯಿರಿ, ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಹುಡುಕಿ ರಕ್ಷಿಸುವ ತಂಡದವರು ದುಡ್ಡು ಕೇಳುವುದಿಲ್ಲ. ಆಂಬುಲೆನ್ಸ್, ಆಸ್ಪತ್ರೆ ಖರ್ಚು ಮಾತ್ರ ಹೊರಗಿನಿಂದ ಬಂದವನ ತಲೆಗೇ, ಅದು ಸಣ್ಣ ಮೊತ್ತ ಅಲ್ಲ. ಬಾಡಿಗೆ ಸ್ಲೆಡ್ಡಿನ ಕರಾರಿಗೆ ಸಹಿ ಹಾಕುವ ಮೊದಲು, ಗುಡ್ಡದಲ್ಲಿ ಕೆಟ್ಟು ನಿಂತರೆ ಕೆಳಗೆ ತರುವ ಖರ್ಚು ಯಾರದ್ದು ಎಂದು ಕೇಳಿ.

ಬೀಕನ್ನಿಗೆ ಹೊಸ ಆಲ್ಕಲೈನ್ ಸೆಲ್ಲೇ ಹಾಕಿಸಿಕೊಳ್ಳಿ. ಕಂಪೆನಿ ಹೇಳದ ಹೊರತು ರೀಚಾರ್ಜ್ ಸೆಲ್, ಲಿಥಿಯಂ ಸೆಲ್ ಬೇಡ. ಅವು ಕೊನೆಯ ತನಕ ತುಂಬಿದ ಹಾಗೆ ತೋರಿಸಿ ಒಮ್ಮೆಲೇ ನಿಲ್ಲುತ್ತವೆ.